ಎಂಟು ದಿನದ ಶಿಬಿರ, ಆಮೇಲಿನ ಒಡನಾಟ

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಅಂದರೆ ನಮಗೆ ಸಂಘದ ಸಾಲ, ವಾರದ ಕಂತು ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಅದೇ ಬಳಗದ ಮದ್ಯವರ್ಜನ ಶಿಬಿರಗಳ ಕಥೆ. ಮನುಷ್ಯನಿಗೆ ಮನುಷ್ಯನೇ ಔಷಧವಾಗುವುದನ್ನು ಇಷ್ಟು ಚೆನ್ನಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಈ ನಂಬಿಕೆಯ ಒಂದು ಬೇರು ದೂರದ್ದು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಪಟ್ಟಣ. ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದೆ. ಬಂದ ವ್ಯವಹಾರ ಕೆಟ್ಟಿದೆ. ಹೋಟೆಲಿನ ಒಂದು ಕಡೆ ಬಾರಿನ ನಗು, ಗದ್ದಲ. ಇನ್ನೊಂದು ಕಡೆ ಟೆಲಿಫೋನು. ಆತ ಫೋನಿನತ್ತ ನಡೆದ. ನನ್ನಂಥ ಇನ್ನೊಬ್ಬ ಕುಡುಕನ ಹತ್ತಿರ ಮಾತಾಡಬೇಕಲ್ಲ ಎಂದು ಊರವರನ್ನು ವಿಚಾರಿಸಿದ. ಸಿಕ್ಕವರು ಬಾಬ್ ಸ್ಮಿತ್. ಶಸ್ತ್ರವೈದ್ಯರು, ಕುಡಿತಕ್ಕೆ ಸೋತವರು. ಹದಿನೈದೇ ನಿಮಿಷ ಎಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು! ಆ ಜೂನ್ ಕಳೆದ ಮೇಲೆ ಅವರು ಸಾಯುವವರೆಗೂ ಕುಡಿಯಲಿಲ್ಲ. ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗ ಹುಟ್ಟಿದ್ದು ಹೀಗೆ.

ಮನುಷ್ಯರ ನಂಟು ಆಯುಷ್ಯಕ್ಕೆ ಎಷ್ಟು ಮುಖ್ಯ ಎಂಬುದಕ್ಕೆ ಲೆಕ್ಕ ಸಿಕ್ಕಿದ್ದು 1979ರಲ್ಲಿ. ಬರ್ಕ್‌ಮನ್ ಮತ್ತು ಸೈಮ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ಸುಮಾರು 7000 ಜನರ ಒಂಬತ್ತು ವರ್ಷಗಳ ದಾಖಲೆ ನೋಡಿದರು. ಸಂಸಾರ, ನೆಂಟರಿಷ್ಟರು, ಸಂಘಸಂಸ್ಥೆ ಯಾವುದರ ನಂಟೂ ಹೆಚ್ಚಿಲ್ಲದವರು ತೀರಿಕೊಂಡದ್ದು ತುಂಬ ನಂಟಿದ್ದವರ ಎರಡು ಪಟ್ಟಿಗೂ ಹೆಚ್ಚು. ಸಿಗರೇಟು, ಕುಡಿತಗಳನ್ನು ಬದಿಗಿಟ್ಟು ನೋಡಿದರೂ ನಂಟಿನ ಪರಿಣಾಮ ಅಳಿಯಲಿಲ್ಲ.

ಇನ್ನು ನಮ್ಮ ಬೆಳ್ತಂಗಡಿ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಇಲ್ಲಿ ಗ್ರಾಮಾಭಿವೃದ್ಧಿ ಯೋಜನೆ ಶುರುಮಾಡಿದರು. ಅದರ ಪ್ರಗತಿಬಂಧು ತಂಡದ ಐದೆಂಟು ರೈತರು ವಾರಕ್ಕೊಂದು ದಿನ ಒಬ್ಬರ ತೋಟದಲ್ಲಿ ಒಟ್ಟಾಗಿ ದುಡಿಯುತ್ತಾರೆ. ನಮ್ಮ ಹಳೆಯ ಮುಯ್ಯಾಳಿನ ಪದ್ಧತಿಯೇ. ಇದೇ ಬಳಗದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಬಂದದ್ದು ಆಮೇಲೆ. ಎಂಟು ದಿನ ಒಟ್ಟಿಗೇ ಊಟ, ಒಟ್ಟಿಗೇ ನಿದ್ದೆ, ಭಜನೆ, ಯೋಗ. ಕುಡಿತ ನಿಂತ ಮೊದಲ ಎರಡು ಮೂರು ದಿನ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ವೈದ್ಯರು ಬೇಕೇ ಬೇಕು. ಆದರೆ ನಡುರಾತ್ರಿ ಪಕ್ಕದ ಚಾಪೆಯವನೂ ಎಚ್ಚರವಾಗಿ ನಡುಗುತ್ತಿದ್ದಾನಲ್ಲ, ಅದು ಕೊಡುವ ಧೈರ್ಯವೇ ಬೇರೆ.

ನನಗೆ ಬೇಸರವಾಗುವುದು ಒಂದಕ್ಕೇ. ಸಮಾರೋಪಕ್ಕೆ ಊರಿಗೆ ಊರೇ ಬರುತ್ತದೆ. ಒಂಬತ್ತನೆಯ ದಿನ ಶಿಬಿರ ಮುಗಿಸಿ ಮನೆಗೆ ಹೊರಟವನ ಮುಂದೆ ಅದೇ ದಾರಿ, ಅದೇ ಗಡಂಗು, ಅದೇ ಹಳೇ ಜೊತೆಗಾರರು. ಆಗ ಜೊತೆಗೆ ನಡೆಯುವವರು ಯಾರು? ನವಜೀವನ ಸಮಿತಿಗಳು ಇರುವುದು ಇದಕ್ಕೇ. ಬಿಟ್ಟವರೆಲ್ಲ ಸೇರಿ ಕೂರುತ್ತಾರೆ, ಜಾರಿದವನನ್ನು ಮತ್ತೆ ಕರೆತರುತ್ತಾರೆ. ಗಾಂಧಿ ಜಯಂತಿಗೆ ಇವರ ಸಮಾವೇಶ ನಡೆಯುತ್ತದೆ. ಎಂದೂ ಕುಡಿಯದವರೂ ಈ ಸಲ ಅಲ್ಲಿಗೆ ಹೋಗಿ ಅವರ ಪಕ್ಕ ಕೂತುಕೊಳ್ಳಿ, ಮಾತಾಡಿಸಿ.