ದೇವರಿಗೆ ಕೊಟ್ಟ ರೈಲು ಇಂಜಿನ್

ಇವತ್ತು ಬ್ರೇಕಿಂಗ್ ನ್ಯೂಸ್ ಅಲ್ಲ, ಬಳಕೆ ತಪ್ಪಿದ ಒಂದು ಪದ. ಡಿಯೋಡ್ಯಾಂಡ್. ಇಂಗ್ಲಿಷ್ ಚೆನ್ನಾಗಿ ಬಲ್ಲವರನ್ನೇ ಕೇಳಿ ನೋಡಿ, ತಲೆ ಕೆರ್ಕೋತಾರೆ. ಲ್ಯಾಟಿನ್ನಿಂದ ಬಂದದ್ದು, ‘ದೇವರಿಗೆ ಕೊಡತಕ್ಕದ್ದು’ ಅಂತ ಅರ್ಥ.

ಕೇಳೋಕೆ ಹರಕೆ ಕಾಣಿಕೆ ಥರ ಇದೆ. ಆದರೆ ಇಂಗ್ಲೆಂಡಿನಲ್ಲಿ ಇದು ಶತಮಾನಗಳ ಕಾಲ ನಡೆದ ಕಾನೂನು. ಗಾಡಿ ಹರಿದು ಒಬ್ಬ ಸತ್ತ ಅಂದ್ಕೊಳ್ಳಿ. ಕರೋನರ್ ಬರ್ತಾನೆ, ಜ್ಯೂರಿ ಕೂರುತ್ತೆ. ಕೊಂದದ್ದು ಯಾವುದು? ಚಕ್ರವೋ, ಇಡೀ ಗಾಡಿಯೋ, ಎಳೆದ ಕುದುರೆಯೋ? ತೀರ್ಮಾನಿಸಿ ಬೆಲೆ ಕಟ್ತಾರೆ. ಆ ವಸ್ತು ಅಥವಾ ಅಷ್ಟು ದುಡ್ಡು ರಾಜನ ಪಾಲು. ಧರ್ಮಕಾರ್ಯಕ್ಕೆ ಅನ್ನೋದು ಮೂಲ ಉದ್ದೇಶ. ಬರಬರುತ್ತಾ ರಾಜರು ಆ ಹಕ್ಕನ್ನೇ ಜಮೀನ್ದಾರರಿಗೆ, ಪಟ್ಟಣಗಳಿಗೆ ದಯಪಾಲಿಸಿದರು!

ಸತ್ತವನ ಹೆಂಡತಿ ಮಕ್ಕಳಿಗೆ? ಯಾರಾದರೂ ಕರುಣೆ ತೋರಿಸಿದರೆ ಉಂಟು, ಹಕ್ಕು ಅಂತ ಕೇಳುವಂತಿಲ್ಲ. 1808ರಲ್ಲಿ ಕೋಚ್ ಗಾಡಿ ಮಗುಚಿ ಹೆಂಡತಿಯನ್ನು ಕಳೆದುಕೊಂಡ ಒಬ್ಬ ಕೋರ್ಟಿಗೆ ಹೋದ. ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೊ ಏನಂದರು ಗೊತ್ತಾ? ಗಾಯವಾದ ದಿನದಿಂದ ಅವಳು ಸಾಯುವವರೆಗಿನ ನಷ್ಟಕ್ಕೆ ಪರಿಹಾರ ಉಂಟು, ಸಾವಿಗೆ ಇಲ್ಲ. ಅಲ್ಲಾ ಸ್ವಾಮಿ, ಇದೆಂಥ ಲೆಕ್ಕ?

ಅಷ್ಟರಲ್ಲಿ ಡಿಯೋಡ್ಯಾಂಡ್ ಕೂಡ ಬಹುತೇಕ ನಾಲ್ಕಾರು ಶಿಲಿಂಗಿನ ಶಾಸ್ತ್ರವಾಗಿತ್ತು. ಆಗ ಬಂತು ರೈಲು. 1841ರ ಡಿಸೆಂಬರ್ 24, ಕ್ರಿಸ್ಮಸ್‌ನ ಹಿಂದಿನ ದಿನ. ಸೋನಿಂಗ್ ಬಳಿ ಮಳೆಗೆ ಗುಡ್ಡದ ಮಣ್ಣು ಹಳಿಯ ಮೇಲೆ ಕುಸಿದಿತ್ತು. ಗ್ರೇಟ್ ವೆಸ್ಟರ್ನ್ ರೈಲು ಬಂದು ಗುದ್ದಿತು. ಮೂರನೇ ದರ್ಜೆಯವರು ಕೂತಿದ್ದದ್ದು ತೆರೆದ ವ್ಯಾಗನ್ನುಗಳಲ್ಲಿ. ಹಿಂದೆ ಸರಕಿನ ವ್ಯಾಗನ್ನುಗಳು. ಎಂಟು ಮಂದಿ ಅಲ್ಲೇ ಹೋದರು. ಪಾರ್ಲಿಮೆಂಟಿನ ಹೊಸ ಕಟ್ಟಡದಲ್ಲಿ ದುಡಿಯುತ್ತಿದ್ದ ಕಲ್ಲುಕುಟಿಗರೂ ಆ ರೈಲಿನಲ್ಲಿದ್ದರು, ಹಬ್ಬಕ್ಕೆ ಊರಿಗೆ ಹೊರಟವರು.

ಜ್ಯೂರಿ ಸಿಟ್ಟಿಗೆದ್ದಿತು. ಇಂಜಿನ್ ಮತ್ತು ವ್ಯಾಗನ್ನುಗಳ ಮೇಲೆ 1,000 ಪೌಂಡ್ ಡಿಯೋಡ್ಯಾಂಡ್! ರೈಲು ಕಂಪನಿಗಳಿಗೆ ಬಿಸಿ ತಟ್ಟಿತು. 1846ರಲ್ಲಿ ಪಾರ್ಲಿಮೆಂಟ್ ಡಿಯೋಡ್ಯಾಂಡನ್ನು ರದ್ದು ಮಾಡಿತು. ಆದರೆ ಅದೇ ವರ್ಷ, ಲಾರ್ಡ್ ಕ್ಯಾಂಪ್‌ಬೆಲ್ ಮುಂದಾಳತ್ವದಲ್ಲಿ, ಮತ್ತೊಂದು ಕಾನೂನೂ ಬಂತು: ಬೇರೆಯವರ ತಪ್ಪಿನಿಂದ ಸತ್ತವರ ಕುಟುಂಬ ಪರಿಹಾರ ಕೇಳಬಹುದು. ನನಗೆ ಮುಖ್ಯ ಅನಿಸೋದು ಈ ಎರಡನೆಯದೇ. ದೇವರ ಹೆಸರಲ್ಲಿ ರಾಜನ ಖಜಾನೆಗೆ ಹೋಗುತ್ತಿದ್ದ ದುಡ್ಡನ್ನು ವಿಧವೆ ಈಗ ಕೋರ್ಟಿನಲ್ಲಿ ನಿಂತು ಕೇಳಬಹುದಾಯ್ತು.

ಅದೇ ಮಾದರಿಯ ಕಾಯ್ದೆ ನಮ್ಮಲ್ಲಿಗೆ ಬಂದದ್ದು 1855ರಲ್ಲಿ, 13ನೇ ಕಾಯ್ದೆಯಾಗಿ. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು, ಇಷ್ಟು ಜನರಿಗೆ ಪರಿಹಾರ. ಅಣ್ಣತಮ್ಮ, ಅಕ್ಕತಂಗಿಯರಿಗೆ ಅದರಲ್ಲಿ ಜಾಗ ಇರಲಿಲ್ಲ.