ಇಪ್ಪತ್ತು ಮೀಟರ್ ಲೆಕ್ಕ

2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳದ ಹತ್ತಿರ ಒಬ್ಬರು ರಸ್ತೆ ಪಕ್ಕದ ಕಾಡಾನೆ ಜೊತೆ ಸೆಲ್ಫಿಗೆ ಹೋದರು. ಆನೆ ಅಟ್ಟಿಸಿಕೊಂಡು ಬಂತು. ಓಡುತ್ತಾ ಬಿದ್ದರು, ತುಳಿತಕ್ಕೂ ಸಿಕ್ಕರು. ಜೀವ ಉಳಿದದ್ದು ಅವರ ಪುಣ್ಯ. ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು.

ನಾನು ಓದಿದ್ದು ಎಂಜಿನಿಯರಿಂಗ್. ಹಳೇ ಚಾಳಿ, ಲೆಕ್ಕ ಹಾಕಿದೆ. ಸಿಟ್ಟಾದ ಆನೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಓಡಿ ಬರಬಲ್ಲದು. ಅಂದ್ರೆ ಸೆಕೆಂಡಿಗೆ ಸುಮಾರು 7 ಮೀಟರ್. ನೀವು 20 ಮೀಟರ್ ದೂರದಲ್ಲಿದ್ದರೆ ಕೈಯಲ್ಲಿರೋದು ಮೂರು ಸೆಕೆಂಡಿಗೂ ಕಡಿಮೆ. ಸೆಲ್ಫಿ ತೆಗೆಯುವವನ ಬೆನ್ನು ಆನೆ ಕಡೆಗಿರುತ್ತೆ ಸ್ವಾಮಿ! ತಿರುಗಿ ನೋಡೋದರಲ್ಲೇ ಒಂದು ಸೆಕೆಂಡ್ ಹೋಯ್ತು.

ಅವರನ್ನು ಬಯ್ಯೋದು ಸುಲಭ. ಆದ್ರೆ ಕಾರು ನಿಲ್ಲಿಸಿ ಬಾಳೆಹಣ್ಣು, ಕ್ಯಾರೆಟ್ ಎಸೆಯೋರು ಎಷ್ಟು ಜನ? ರಸ್ತೆಗೆ ಬಂದ್ರೆ ತಿನ್ನೋಕೆ ಸಿಗುತ್ತೆ ಅಂತ ಆನೆ ಬೇಗ ಕಲಿಯುತ್ತೆ. ಚಾಮರಾಜನಗರದ ಗಡಿಯಲ್ಲಿ ಕಬ್ಬಿನ ಲಾರಿ ಅಡ್ಡಗಟ್ಟೋ ಆನೆಗಳನ್ನು ನೀವೇ ನೋಡಿದ್ದೀರಿ. ನಾಳೆ ಅಂಥ ಆನೆಯಿಂದ ಯಾರಾದರೂ ಸತ್ತರೆ ಅದು 'ಪುಂಡಾನೆ'. ಹಿಡಿಯಿರಿ, ಸಾಗಿಸಿ ಅಂತ ಕೂಗು ಏಳುತ್ತೆ. ದಂಡ ಕಟ್ಟಿದವರು ಮನೆಗೆ ಹೋಗ್ತಾರೆ, ಆನೆ ಎಲ್ಲಿಗೆ ಹೋಗಬೇಕು?

ಆ ಹೆಸರು ಇಡೋರು ಯಾರು? ನಾವೇ, ಚಾನೆಲ್‌ನವರು. ಅವತ್ತು ಆ ವಿಡಿಯೋಗೆ ಕೆಂಪು ವೃತ್ತ ಹಾಕಿ, ಮ್ಯೂಸಿಕ್ ಕೊಟ್ಟು ತೋರಿಸಿದ್ದರಲ್ಲಿ ನಾನೂ ಒಬ್ಬ. ಎಷ್ಟು ಸಲ ಅನ್ನೋ ಲೆಕ್ಕ ಮಾತ್ರ ಇಟ್ಟಿಲ್ಲ. ಇವತ್ತು ಅದನ್ನು ಹಾಕಬೇಡಿ ಅಂತ ಕಂಟ್ರೋಲ್ ರೂಮಿಗೆ ಹೇಳಿದ್ದೇನೆ. ನಿಮ್ಮ ಸ್ಕ್ರೀನ್ ಮೇಲೆ ಕಾಣ್ತಿರೋದು ಬರೀ ರಸ್ತೆ.