ಟಿಟ್ಟಿಭವೂ ಕ್ಯಾಮೆರಾವೂ

ಪಂಚತಂತ್ರದ ಟಿಟ್ಟಿಭ ದಂಪತಿಗಳ ಕಥೆ ನಿಮಗೆ ನೆನಪಿರಬಹುದು. ಕಡಲ ದಡದಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರವು ಕೊಂಡೊಯ್ಯುತ್ತದೆ. ಗಂಡುಹಕ್ಕಿ ಧೃತಿಗೆಡದೆ ಗರುಡನ ಮೂಲಕ ವಿಷ್ಣುವಿನವರೆಗೆ ದೂರು ಒಯ್ದು ಅವನ್ನು ಮರಳಿ ಪಡೆಯುತ್ತದೆ. ಇಂದು ನಾವು ಟಿಟ್ಟಿಭವೆನ್ನುವುದು ಪಿರಿಯಾಪಟ್ಟಣದ ಕೆರೆಯಂಗಳಗಳಲ್ಲಿ ಹಗಲಿರುಳೆನ್ನದೆ ಕೂಗಾಡುವ ತೇನೆ ಹಕ್ಕಿಯನ್ನು. ನಮ್ಮೂರು ಸಮುದ್ರಕ್ಕೆ ದೂರ. ಆದರೆ ಇಲ್ಲಿಯ ಟಿಟ್ಟಿಭದ ಮೊಟ್ಟೆಗಳಿಗೆ ಬೇರೊಂದು ಕಡೆಯಿಂದ ಅಪಾಯ ಒದಗಿದೆ. ಅದೂ ಹಕ್ಕಿಯ ಮೇಲೆ ಅಕ್ಕರೆಯಿಟ್ಟು ಚಿತ್ರ ತೆಗೆಯಬಂದವರಿಂದ!

ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ಬಯಲು ನೆಲವನ್ನೇ ತುಸು ಕೆದರಿ ಸಾಧಾರಣವಾಗಿ 4 ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಕಾಲಡಿಗೆ ಬರುವವರೆಗೂ ಕಾಣುವುದಿಲ್ಲ. ತಾಯಿ ತಂದೆ ಸರದಿಯ ಮೇಲೆ ಕೂರುವುದು ಕಾವು ಕೊಡುವುದಕ್ಕೆ ಮಾತ್ರವೆಂದು ತಿಳಿಯಬೇಡಿ. ಏಪ್ರಿಲ್ ತಿಂಗಳ ನಡುಹಗಲಲ್ಲಿ ಹಕ್ಕಿ ಎದ್ದು ನಿಂತು ತನ್ನ ಮೈಯನ್ನೇ ಮೊಟ್ಟೆಗಳಿಗೆ ನೆರಳಾಗಿಸುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಅವುಗಳನ್ನು ತಂಪು ಮಾಡುವುದೂ ಉಂಟು. ಅಂಥ ಹೊತ್ತಿನಲ್ಲಿ ನಾವು ಅರ್ಧ ಗಂಟೆ ಗೂಡಿನ ಪಕ್ಕದಲ್ಲಿ ಕುಳಿತೆವೆನ್ನಿ. ಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಅರಚುತ್ತದೆ. ರೆಕ್ಕೆ ಬಿಚ್ಚಿದ ಚಿತ್ರ ಬಲು ಸೊಗಸಾಗಿ ಬರುತ್ತದೆ, ನಿಜ. ಕೆಳಗೆ ಮೊಟ್ಟೆಯೊಳಗಿನ ಮರಿ ಬೇಯುತ್ತಿರುತ್ತದೆ. ಮನುಷ್ಯ ಎಲ್ಲಿ ಬಗ್ಗಿ ನೋಡಿದನೆಂಬುದನ್ನು ಕಾಗೆ ಗುರುತಿಟ್ಟುಕೊಂಡಿರುತ್ತದೆ.

ಗೂಡಿನ ಚಿತ್ರದ ಹಂಬಲ ಹಳೆಯದು. ಇಂಗ್ಲೆಂಡಿನ ಕಿಯರ್ಟನ್ ಸೋದರರು 1892ರಲ್ಲಿಯೇ ಮೊಟ್ಟೆಗಳಿದ್ದ ಗೂಡಿನ ಚಿತ್ರ ತೆಗೆದರು. ಮುಂದೆ ಟೊಳ್ಳಾದ ಎತ್ತಿನ ಬೊಂಬೆಯನ್ನು ಮಾಡಿಸಿ ಕ್ಯಾಮೆರಾ ಸಮೇತ ಅದರ ಹೊಟ್ಟೆಯೊಳಗೆ ಅಡಗಿದರು! ಎತ್ತನ್ನು ಕಂಡರೆ ಹಕ್ಕಿಗೆ ಅಂಜಿಕೆಯಿಲ್ಲ, ಅಂಜಿಕೆಯೆಲ್ಲ ಎರಡು ಕಾಲಿನವನದು. ನಮ್ಮ ನಾಡಿನಲ್ಲಿ ಟಿ. ಎನ್. ಎ. ಪೆರುಮಾಳ್ (1932–2017) ಅವರಂಥವರು ಫಿಲಂ ಸುರುಳಿಯ ಕಾಲದಲ್ಲಿ ಮರೆ ಕಟ್ಟಿಕೊಂಡು ತಾಳ್ಮೆಯಿಂದ ಕಾದು ಚಿತ್ರ ತೆಗೆದರು. ದೂರವನ್ನು ಹತ್ತಿರಕ್ಕೆ ತರುವ ಮಸೂರಗಳು ಆಗ ಇಂದಿನಂತೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಈಗ ಆ ನೆಪವಿಲ್ಲ. ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಸ್ವೀಕರಿಸುವುದನ್ನೇ ಬಿಟ್ಟಿವೆ. ಪತ್ರಿಕೆಗಳಲ್ಲಿ ಹಕ್ಕಿಯನ್ನು ಕ್ಯಾಮೆರಾದಲ್ಲಿ ‘ಸೆರೆಹಿಡಿದರು’ ಎಂದು ಬರೆಯುತ್ತಾರಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇನ್ನೂ ನಿಷ್ಠುರವಾದುದು. ಕಾಡುಹಕ್ಕಿಯ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಕದಡುವುದನ್ನು ಅದು ‘ಬೇಟೆ’ ಎಂಬ ಶಬ್ದದ ಅರ್ಥದೊಳಗೇ ಸೇರಿಸಿದೆ. ನಿಘಂಟುಗಳಿಗಿಂತ ಕಾಯಿದೆಯೇ ಇಲ್ಲಿ ಸರಿಯೆಂದು ನನ್ನ ಮತ.

ದಸರೆಯ ರಜೆಯಲ್ಲಿ ಮಡಿಕೇರಿಯ ದಾರಿ ಹಿಡಿದು ಕರಾವಳಿಗೆ ಇಳಿಯುವವರಿಗೂ ಒಂದು ಮಾತು. ಆ ವೇಳೆಗೆ ಉತ್ತರ ದೇಶಗಳಿಂದ ಗೊರವ ಹಕ್ಕಿಗಳು ಮಲ್ಪೆ, ಕುಂದಾಪುರದ ಕಡೆಯ ಅಳಿವೆಗಳಿಗೆ ಬಂದಿರುತ್ತವೆ. ಅಲ್ಲಿ ಅವಕ್ಕೆ ಗೂಡಿಲ್ಲ, ಹೊಟ್ಟೆಯದೇ ಚಿಂತೆ. ನೀರು ಇಳಿದಾಗ ಮಾತ್ರ ಕೆಸರು ತೆರೆದು ಹುಳು ಸಿಕ್ಕುವುದು. ಹಿಂಡು ಒಮ್ಮೆಗೆ ಹಾರುವ ಚಿತ್ರ ಬೇಕೆಂದು ಓಡಿ ಎಬ್ಬಿಸಿದರೆ ಅಷ್ಟು ಹೊತ್ತಿನ ಊಟ ಹೋಯಿತು. ಅದು ಹಿಂದಿರುಗುವ ದಾರಿಯ ಬುತ್ತಿ.

ಹೊಸದಾಗಿ ಕ್ಯಾಮೆರಾ ಕೊಂಡವರು ರಂಗನತಿಟ್ಟಿಗೆ ಹೋಗಿರಿ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳ ಹಕ್ಕಿಗಳಿಗೆ ದೋಣಿ ಹಳೆಯ ಪರಿಚಯ.

ಟಿಟ್ಟಿಭವೇ ಬೇಕೆಂದರೆ ಸುಮಾರು 4 ವಾರ ತಡೆಯಬೇಕು. ಮೊಟ್ಟೆಯೊಡೆದು ಬಂದ ಮರಿ ಬಲುಬೇಗ ತಾಯಿಯ ಹಿಂದೆ ಓಡಾಡತೊಡಗುತ್ತದೆ. ಬೆಳಗಿನ ಬಿಸಿಲು ಎಳೆಯದಾಗಿರುವಾಗ ಕೆರೆಯ ಏರಿಯ ಮೇಲೆ ಕುಳಿತಿರಿ. ತಾಯಿ ಕೂಗಿದರೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಮತ್ತೂ ಕೂಗಿದರೆ ಇನ್ನೂ ಹತ್ತು. ಅದು ಸುಮ್ಮನಾಗಿ ಮೇಯತೊಡಗಿದಾಗ ನಿಮ್ಮ ಸರದಿ.